ಕೊರಳು ಬಿಡದ ಸರ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೇ ಆಗುವುದಿಲ್ಲ. ಹುಣಸೆಮರದಲ್ಲಿ ಬಿಳಿ ಸೀರೆ ಕಂಡೆ ಎಂದು ಯಾರಾದರೂ ಅಂಗಡಿಗೆ ಬಂದು ಹೇಳಿದರೆ, ಯಾರೋ ಒಗೆದು ಒಣಗಲು ಹಾಕಿರಬೇಕು ಬಿಡಿ ಎಂದು ಕಿಚಾಯಿಸುವ ಮನುಷ್ಯ ನಾನು. ಆದರೆ ಇದು ನನ್ನ ಮನೆಯೊಳಗೆ, ನನ್ನ ಮಗಳಿಗೆ ಆದದ್ದು. ಇದನ್ನು ನಗೆಯಾಡಿ ಮರೆಯಲು ಇವತ್ತಿಗೂ ನನ್ನಿಂದ ಆಗಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ನನ್ನ ಅಕ್ಕಸಾಲಿ ಕೆಲಸದ ಜಾಗ, ಹಿಂದೆ ಅಡುಗೆಮನೆ. ಹೆಂಡತಿ ಶಾರದ, ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಪಾರ್ವತಿ. ಪಾರಿ ಎಂದು ಕರೆಯುತ್ತಿದ್ದೆವು. ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ನಿದ್ದೆಯಲ್ಲಿ ಬಿಟ್ಟರೆ ಬಾಯಿ ಮುಚ್ಚಿದವಳಲ್ಲ.

ಒಂದು ದಿನ ಮೊಳಕಾಲ್ಮೂರಿನಿಂದ ಒಬ್ಬ ನಿವೃತ್ತ ಚರಿತ್ರೆ ಮೇಷ್ಟ್ರು ಬಂದರು. ನಮ್ಮ ತಂದೆಯ ಕಾಲದಿಂದಲೂ ಪರಿಚಯ. ಟವೆಲ್ಲಿನ ಗಂಟು ಬಿಚ್ಚಿ ಒಂದು ಚಿನ್ನದ ಸರವನ್ನು ನನ್ನ ಮುಂದಿಟ್ಟರು.

"ಬ್ರಹ್ಮಗಿರಿ ಕಡೆ ನಮ್ಮ ಹೊಲದಾಗೆ ಪಂಪ್‌ಸೆಟ್ ಮನೆಗೆ ಪಾಯ ತೆಗೀತಿದ್ವಿ ಆಚಾರಿ. ಒಂದು ಹಳೇ ಗಡಿಗೆ ಸಿಕ್ತು. ಅದರಾಗಿತ್ತು."

"ಇದು ನಮ್ಮ ಕಡೆ ಕೆಲಸ ಅಲ್ಲ ಮೇಷ್ಟ್ರೇ."

"ಅಲ್ಲ. ರೋಮ್ ದೇಶದ್ದು. ಸಾತವಾಹನರ ಕಾಲದಾಗೆ ಅವರ ಹಡಗು ನಮ್ಮ ಕಡಲಿಗೆ ಬರ್ತಿದ್ವು. ಈ ಅರ್ಧಚಂದ್ರ ನೋಡು. ಅಲ್ಲಿ ಹೆಣ್ಣುಮಕ್ಕಳ ಕೊರಳಿಗೆ ಕಟ್ಟೋರು, ದೃಷ್ಟಿ ತಾಗಬಾರದು ಅಂತ. ನಾವು ತಾಯತ ಕಟ್ಟಲ್ವಾ, ಹಂಗೆ."

ಸರದ ಕೊಕ್ಕೆ ಹಾಕಿದಂತೆಯೇ ಹಿಡಿದುಕೊಂಡಿತ್ತು. ಅದನ್ನು ಬಿಚ್ಚಿ ಸರಿಮಾಡಿಕೊಡು, ಒಂದು ಗೀರೂ ಬೀಳಬಾರದು, ಆಮೇಲೆ ಸರ್ಕಾರಕ್ಕೆ ಒಪ್ಪಿಸುತ್ತೇನೆ ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದರು.

ಭೂತಗನ್ನಡಿ ಹಿಡಿದು ಕೂತವನು ಊಟ ಮರೆತೆ. ಕೂದಲೆಳೆಯಂಥ ತಂತಿಯನ್ನು ಸಣ್ಣ ಸಣ್ಣ ಬಳೆ ಮಾಡಿ, ಒಂದೊಂದನ್ನೂ ಮಡಿಸಿ, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ತೂರಿಸಿ ಹೆಣೆದಿದ್ದರು. ಮುಟ್ಟಿದರೆ ಚಿನ್ನ ಅನ್ನಿಸುತ್ತಿರಲಿಲ್ಲ, ರೇಷ್ಮೆ ದಾರದಂತೆ ಬೆರಳಿನ ಮೇಲೆ ಹರಿಯುತ್ತಿತ್ತು. ಎಲ್ಲಿ ಬೆಸೆದಿದ್ದಾರೆ ಎಂದು ಹುಡುಕಿ ಹುಡುಕಿ ಕಣ್ಣು ನೀರಾಡಿದವು, ಬೆಸುಗೆ ಕಾಣಲಿಲ್ಲ. ಕೊಕ್ಕೆಯ ಪಕ್ಕ ಪುಟ್ಟ ಚಕ್ರ, ಕೆಳಗೆ ಅರ್ಧಚಂದ್ರ. ಚಂದ್ರನ ಅಂಚಿಗೆ ರವೆಗಿಂತ ಸಣ್ಣ ಚಿನ್ನದ ಕಾಳುಗಳ ಸಾಲು, ನಡುವೆ ದಾಳಿಂಬೆ ಬೀಜದಂಥ ಕೆಂಪು ಕಲ್ಲು. ಕರೆಂಟಿಲ್ಲ, ಗ್ಯಾಸಿಲ್ಲ, ಬರೀ ಇದ್ದಿಲು ಊದಿ ಈ ಕೆಲಸ ಮಾಡಿದವನ ಕೈಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಹೊಟ್ಟೆಕಿಚ್ಚೂ ಆಯಿತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಹೊರಗಿನಿಂದ ಬಂದ ಹಳೆಯ ಒಡವೆಗೆ ಮೊದಲು ಒಂದು ಸಲ ಬೆಂಕಿ ಕಾಣಿಸಬೇಕು. ಬೆಂಕಿ ಕಂಡರೆ ಒಡವೆ ಹಳೇ ಮೈ ಬಿಡುತ್ತದೆ ಎಂದು ನಮ್ಮ ತಂದೆ ಹೇಳುತ್ತಿದ್ದರು. ನಾನು ಕಾಣಿಸಲಿಲ್ಲ. ಬಿಸಿ ತಗುಲಿದರೆ ಆ ಕಾಳುಗಳು ಕುಸಿದಾವು, ಕಲ್ಲು ಸೀಳೀತು ಎಂಬ ಭಯ. ಅಂಟುವಾಳದ ನೀರಿನಲ್ಲಿ ತೊಳೆದು, ಕೊಕ್ಕೆಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಮಾರನೆಯ ದಿನ ಹೊತ್ತು ಮುಳುಗುವವರೆಗೆ ಚಿಮಟದಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ಬಿಚ್ಚಿದೆ.

ಕೊಕ್ಕೆ ಕೆಲಸ ಮುಗಿದರೆ ಕೊರಳಿಗೆ ಹಾಕಿಯೇ ನೋಡಬೇಕು. ಅಂಗೈಯಲ್ಲಿ ಸರಿಯಿದ್ದದ್ದು ಕೊರಳಲ್ಲಿ ಜಾರಿಬಿಡುತ್ತದೆ. ಸರ ಸಣ್ಣದು. ಪಾರಿಯನ್ನು ಕರೆದೆ.

"ಅಲ್ಲಾಡಬೇಡ. ಕುಂತ್ಕ."

"ಯಾರ್ದಪ್ಪ ಇದು?"

"ಮೇಷ್ಟ್ರುದು."

"ಮೇಷ್ಟ್ರು ಸರ ಹಾಕ್ಕೊಂತಾರಾ?"

ನಗುತ್ತಲೇ ಕೊಕ್ಕೆ ಸೇರಿಸಿದೆ. ಟಕ್ ಎಂದಿತು... ಅಷ್ಟರಲ್ಲಿ ಕರೆಂಟ್ ಹೋಯಿತು. ಮಿಲ್ಲುಗಳ ಸದ್ದೂ ಒಮ್ಮೆಲೇ ನಿಂತಿತು.

ಶಾರದ ಲಾಟೀನು ಹಚ್ಚಿ ತಂದಳು. ಓಣಿಯಲ್ಲಿ ಯಾವಾಗಲೂ ಇರುವ ಶೇಂಗಾ ಎಣ್ಣೆಯ ವಾಸನೆ ಇರಲಿಲ್ಲ. ಬದಲಿಗೆ ಹಸಿ ಮಣ್ಣಿನ ವಾಸನೆ, ಅದರ ಜೊತೆ ಬೂದಿಯದು. ಕಡುಬೇಸಿಗೆಯಲ್ಲಿ ಹಸಿ ಮಣ್ಣು ಎಲ್ಲಿಂದ ಬರಬೇಕು?

"ಏನ್ರಿ... ಮಗು ಯಾಕೆ ಹಿಂಗೆ ಕುಂತೈತೆ?"

ಪಾರಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿ, ತೋಳುಗಳನ್ನು ಒಳಗೆ ಮಡಚಿಕೊಂಡು ಮುದುರಿ ಕೂತಿದ್ದಳು. ಕಣ್ಣು ತೆರೆದಿದ್ದವು. ಪಾರೀ ಎಂದೆ. ಅವಳು ತಿರುಗಲಿಲ್ಲ.

ಆಗ ಆ ಸದ್ದು ಶುರುವಾಯಿತು. ಗರ್... ಗರ್... ಗಡಿಗೆಯ ಒಳಮೈಯನ್ನು ಉಗುರಿನಲ್ಲಿ ಕೆರೆದ ಹಾಗೆ. ನೀರಿನ ಕೊಡಕ್ಕೆ ಇಲಿ ಬಿದ್ದಿರಬೇಕೆಂದು ಶಾರದ ಓಡಿಹೋಗಿ ನೋಡಿ ಬಂದಳು.

"ಅಲ್ಲೇನೂ ಇಲ್ರಿ. ಸದ್ದು ಇಲ್ಲಿಂದಲೇ ಬರ್ತೈತೆ."

ಹೌದು, ಮಗಳ ಮಗ್ಗುಲಿಂದಲೇ ಬರುತ್ತಿತ್ತು. ಅವಳ ಬೆರಳು ಮಾತ್ರ ಕದಲಿರಲಿಲ್ಲ.

ಸರ ತೆಗೆಯಲು ಹೋದೆ. ಕೊಕ್ಕೆ ಬರಲಿಲ್ಲ. ಎಣ್ಣೆ ಬಿಟ್ಟೆ, ಚಿಮಟ ಹಾಕಿದೆ... ಇಲ್ಲ. ಕೊರಳು ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಹಾಕಿದಾಗ ಸರದ ಕೆಳಗೆ ನನ್ನ ಬೆರಳು ಸಲೀಸಾಗಿ ಆಡುತ್ತಿತ್ತು. ಈಗ ಉಗುರೂ ಇಳಿಯಲಿಲ್ಲ. ಪಾರಿಯ ಉಸಿರು ಸಿಳ್ಳೆಯಂತೆ ಎಳೆಯತೊಡಗಿತು, ತುಟಿ ನೀಲಿಯಾಗುತ್ತಿತ್ತು.

ತಂತಿ ಕತ್ತರಿ ಕೈಗೆ ತೆಗೆದುಕೊಂಡೆ. ಅದರ ಬಾಯಿಯನ್ನು ಸರಕ್ಕೆ ಒಡ್ಡಿದೆ. ಲಾಟೀನಿನ ಬೆಳಕಿಗೆ ಆ ಹೆಣಿಗೆ ಮಿನುಗಿತು. ಎಲ್ಲಿ ಕತ್ತರಿಸಿದರೆ ಕೆಲಸ ಕಡಿಮೆ ಕೆಟ್ಟೀತು, ಎಲ್ಲಿ ಮತ್ತೆ ಸೇರಿಸಬಹುದು ಎಂದು ನನ್ನ ಕಣ್ಣು ತನ್ನಷ್ಟಕ್ಕೆ ಬೆಸುಗೆ ಹುಡುಕತೊಡಗಿತು.

ಶಾರದ ನನ್ನ ಮಣಿಕಟ್ಟು ಹಿಡಿದಳು. ಅವಳ ದನಿ ಬಹಳ ಸಣ್ಣದಾಗಿತ್ತು.

"ಏನ್ ನೋಡ್ತಾ ಕುಂತೀರಿ? ಕತ್ತರಿಸ್ರಿ."

ಕತ್ತರಿಸಿದೆ.

ಸರ ನೆಲಕ್ಕೆ ಬಿತ್ತು. ಕೆರೆಯುವ ಸದ್ದು ನಿಂತಿತು. ಪಾರಿ ಉದ್ದಕ್ಕೆ ಉಸಿರೆಳೆದು, ಕೆಮ್ಮಿ, ಅವ್ವನ ಸೊಂಟ ತಬ್ಬಿಕೊಂಡು ಅಳತೊಡಗಿದಳು. ಅವಳ ಅಳು ಕೇಳಿ ನಾನು ಅಲ್ಲೇ ಗೋಡೆಗೆ ಒರಗಿಬಿಟ್ಟೆ. ಬೆಳಗಿನವರೆಗೂ ಮೂವರೂ ಒಂದೇ ಚಾಪೆಯಲ್ಲಿ ಕೂತಿದ್ದೆವು. ಅವಳ ಕೊರಳ ಸುತ್ತ ಹೆಣಿಗೆಯ ಅಚ್ಚು ಕೆಂಪಗೆ ಮೂಡಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ. ಮೇಷ್ಟ್ರ ಮನೆ ಜಗಲಿಯಲ್ಲಿ ಸರ ಬಿಚ್ಚಿಟ್ಟು ನಡೆದದ್ದನ್ನು ಹೇಳಿದೆ. ತುಂಡಾದ ಸರ ಕಂಡು ರೇಗುತ್ತಾರೆ ಅಂದುಕೊಂಡಿದ್ದೆ. ಅವರು ರೇಗಲಿಲ್ಲ, ತಲೆ ತಗ್ಗಿಸಿ ಹೇಳಿದರು.

"ಆ ಗಡಿಗೆಯಾಗೆ ಮೂಳೆ ಇದ್ವು ಆಚಾರಿ. ಸಣ್ಣ ಮಗೀಂದು. ಮುದುರಿ ಕುಂಡ್ರಿಸಿದ್ರು. ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ."

"ಮೊದಲೇ ಯಾಕೆ ಹೇಳಲಿಲ್ಲ ಮೇಷ್ಟ್ರೇ?"

"ಹೇಳಿದ್ರೆ ನೀನು ಮುಟ್ತಿರಲಿಲ್ಲ."

ಎದ್ದು ಬಂದೆ. ಸರವನ್ನು ಆಮೇಲೆ ಅವರು ಒಪ್ಪಿಸಿದರೋ, ತಿರುಗಿ ಹೂತರೋ, ನಾನು ವಿಚಾರಿಸಲಿಲ್ಲ.

ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಪಾರಿ ಬಾಗಿಲಲ್ಲಿ ಕೂತು ಶೇಂಗಾ ಬಿಡಿಸಿ ತಿನ್ನುತ್ತಿದ್ದಳು. ಮೊದಲಿನಂತೆ ಮಾತು ಶುರುವಾಗಿತ್ತು. ಪಕ್ಕದಲ್ಲಿ ಕೂತು ತಲೆ ನೇವರಿಸಿದೆ. ಅವಳು ನನ್ನ ಮುಖವನ್ನೂ ನೋಡದೆ, ಸಿಪ್ಪೆ ಬಿಡಿಸುತ್ತಲೇ ಹೇಳಿದಳು.

"ಅಪ್ಪಾ, ಆ ಹುಡುಗೀದು ಸರ ಯಾರೂ ಕತ್ತರಿಸಲೇ ಇಲ್ಲಂತೆ."

"ಯಾವ ಹುಡುಗಿ?"

"ರಾತ್ರಿ ನನ್ನ ಮಗ್ಗಲಾಗೆ ಕುಂತಿದ್ಲಲ್ಲ, ಅವ್ಳು. ಅವ್ಳಿಗೂ ಕೊಕ್ಕೆ ಬರಲಿಲ್ಲಂತೆ. ಅವರಪ್ಪನೂ ಕತ್ತರಿ ಹಿಡ್ಕಂಡಿದ್ನಂತೆ... ಸರ ಚೆಂದೈತೆ, ಕೆಟ್ಟೋಗ್ತೈತೆ ಅಂತ ನೋಡ್ತಾನೇ ಇದ್ನಂತೆ."

ಪಾರಿಗೆ ಈಗ ಮದುವೆಯಾಗಿದೆ, ಅವಳಿಗೆ ಇದ್ಯಾವುದೂ ನೆನಪಿಲ್ಲ. ಅವಳು ತವರಿಗೆ ಬಂದು ನಗುತ್ತಾ ಓಡಾಡುವಾಗ ನಾನೂ ನಗುತ್ತೇನೆ. ಅಂದು ಕತ್ತರಿ ಹಿಡಿದು ನಾನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆ ಎಂಬುದು ಶಾರದೆಗೆ ಮಾತ್ರ ಗೊತ್ತು. ಅವಳನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.