ಬಾಜೂ ಮನೆಯ ಅಕ್ಕನ ಬ್ರೆಡ್ಡು

ಹೋದ ಭಾನುವಾರ ಮಗಳು ಮೊಬೈಲ್ ನೋಡಿಕೊಂಡು ಬ್ರೆಡ್ ಮಾಡಿದಳು. ಮೈದಾ, ಸಕ್ಕರೆ, ಉಪ್ಪು, ಬೇಕಿಂಗ್ ಪೌಡರ್, ಒಂದು ಬಾಟಲಿ ಬೀರು. ನಾದುವುದಿಲ್ಲ, ನೆನೆಸಿಡುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮನೆ ತುಂಬ ವಾಸನೆ ಹರಡಿತು. ಸುಟ್ಟ ಸಕ್ಕರೆಯ ವಾಸನೆ, ಅದರ ಹಿಂದೆ ತುಸು ಹುಳಿ. ನಾನು ಒಲೆಯ ಕಟ್ಟೆ ಹಿಡಿದು ನಿಂತೆ. ಇದೇ ವಾಸನೆ ಒಂದು ಕಾಲಕ್ಕೆ ಗೋಡೆಯಾಚೆಯಿಂದ ಬರುತ್ತಿತ್ತು…

ಆಗ ಜಹೀರಾಬಾದಿನಲ್ಲಿ ನಮ್ಮದು ಬಾಡಿಗೆ ಮನೆ. ಬಾಜೂ ಮನೆಯ ಅಕ್ಕನ ಗಂಡ ಭಾನುವಾರ ತರುತ್ತಿದ್ದ ಬೀರಿನಲ್ಲಿ ಒಂದು ಬಾಟಲಿ ಅಕ್ಕನ ಹಿಟ್ಟಿಗೆ ಹೋಗುತ್ತಿತ್ತು. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದಿಟ್ಟು, ಒಳಗೆ ಡಬ್ಬಿ ಇಳಿಸಿ ಬೇಯಿಸುತ್ತಿದ್ದರು. ಮೊದಲ ಸಲ ತಾಟಿನಲ್ಲಿ ತಂದಾಗ ನನ್ನನ್ನು ಬಾಗಿಲಿಗೆ ಕರೆದು ಮೆಲ್ಲಗೆ ಹೇಳಿದರು. ಇದರಲ್ಲಿ ಬೀರಿದೆ, ನೀವು ಬೇಕಾದರೆ ತಿನ್ನಿ, ಇಲ್ಲವೆಂದರೆ ಬಿಸಾಡಿ, ಅತ್ತೆಯವರಿಗೆ ಮಾತ್ರ ಕೊಡಬೇಡಿ ಎಂದು. ನಾನು ತಲೆಯಾಡಿಸಿದ್ದೆ. ಅದು ಚೆನ್ನಾಗಿ ನೆನಪಿದೆ.

ನಮ್ಮ ಅತ್ತೆ ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಕುಡಿದವರು ಎದುರಾದರೆ ಮೂಗಿಗೆ ಸೆರಗು ಹಿಡಿಯುವವರು. ನಾನು ಮಗಳಿಗೆ ನೀರೆರೆದು ಬರುವಷ್ಟರಲ್ಲಿ ಅವರು ಕಟ್ಟೆಯ ಮೇಲಿದ್ದ ತಾಟಿನಿಂದ ಒಂದು ತುಂಡನ್ನು ಚಹಾದಲ್ಲಿ ಅದ್ದಿ ತಿಂದಿದ್ದರು. ಆಗಲೇ ಹೇಳಬೇಕಿತ್ತು. ಬೈಗುಳಕ್ಕೆ ಹೆದರಿ ಸುಮ್ಮನಾದೆ. ಮುಂದಿನ ಭಾನುವಾರವೂ ಅವರು ತಿಂದರು, ನಾನು ನೋಡುತ್ತಿದ್ದೆ.

ಮೂರನೆಯ ಭಾನುವಾರ ಬಾಯಿ ಒರೆಸಿಕೊಂಡು ನನಗೆ ಹೇಳಿದರು: "ಎಂಟು ವರ್ಷಾತು ನೀ ರೊಟ್ಟಿ ಬಡಿಲಾಕತ್ತಿ. ನನ್ನ ಹಲ್ಲಿಲ್ಲದ ಬಾಯಿ ನೆನಪಾಗಿದ್ದು ಬಾಜೂ ಮನಿಯಾಕಿಗಿ."

ಎದ್ದು ಹೋಗಿ ಟ್ರಂಕು ತೆಗೆದರು. ತಮ್ಮ ತವರಿನಿಂದ ತಂದಿದ್ದ ಕೆಂಪು ರವಿಕೆ ಖಣ, ಎಂಟು ವರ್ಷದಲ್ಲಿ ನನಗೆ ಬರೀ ತೋರಿಸಿ ಮಡಚಿಟ್ಟದ್ದು, ಅದನ್ನು ಹೊರಗಿಟ್ಟರು. ಅಕ್ಕನನ್ನು ಕರೆದು ಉಡಿ ತುಂಬುತ್ತಾರಂತೆ. ಅಕ್ಕ ಬಂದರೆ ನನ್ನ ಗುಟ್ಟು ಹೊರಬೀಳುವ ಭಯವಿತ್ತು, ನಿಜ. ಆದರೆ ನನ್ನ ಬಾಯಿ ತೆರೆಸಿದ್ದು ಆ ಖಣ.

"ಅದರಾಗ ಬೀರ್ ಹಾಕ್ತಾರ್ರಿ ಅತ್ತಿ," ಎಂದೆ. "ಆಕಿ ನಮಗ ಹೇಳೇ ಇಲ್ಲ."

ಅತ್ತೆ ಅಕ್ಕನನ್ನು ಅಂಗಳಕ್ಕೆ ಕರೆಸಿ ಕೇಳಿದರು. ಅಕ್ಕ ನನ್ನ ಕಡೆ ಒಮ್ಮೆ ನೋಡಿದರು. ನಾನು ಮಗಳ ಜಡೆ ಬಿಚ್ಚುತ್ತ ಕೂತಿದ್ದೆ, ಬಿಚ್ಚುತ್ತಲೇ ಇದ್ದೆ.

"ತಪ್ಪಾತ್ರಿ ಅಮ್ಮಾರ. ನಾ ಮೊದಲೇ ಹೇಳಬೇಕಿತ್ತು, ಹೇಳ್ಲಿಲ್ಲ."

ಅಷ್ಟೇ ಅಂದರು. ಅತ್ತೆ ತಲೆಗೆ ನೀರು ಹಾಕಿಕೊಂಡು, ಅಂಗೈಯ ಲಿಂಗದ ಮುಂದೆ ಅತ್ತು, ಮೂರು ದಿನ ಊಟ ಬಿಟ್ಟರು. ಆಮೇಲೆ ಅಕ್ಕನ ಮನೆಯ ಕಡೆಗಿನ ಕಿಟಕಿ ತೆರೆಯಲಿಲ್ಲ. ಮರುವರ್ಷ ಅಕ್ಕನ ಮನೆಯವರು ತಾಂಡೂರಿಗೆ ಹೋದರು. ಅಕ್ಕ ಹೇಳಲಿಲ್ಲವೆಂದೇ ನಂಬಿಕೊಂಡು ಅತ್ತೆ ತೀರಿಕೊಂಡರು…

ಈ ಬುಧವಾರ ವಿಳಾಸ ಕೇಳಿಕೊಂಡು ತಾಂಡೂರಿಗೆ ಹೋದೆ. ಅಕ್ಕನ ಗಂಡ ಬಾಗಿಲು ತೆರೆದರು. ಅಕ್ಕ ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಒಳಗೆ ಕೂರಿಸಿ ನೀರು ಕೊಟ್ಟರು.

"ಹೇಳೋದು ಮರತು ನಿಮ್ಮ ಅತ್ತಿಯವರ ವ್ರತ ಕೆಡಿಸಿದೆ ಅಂತ ಕೊನಿತನಕ ಅಂತಿದ್ಳರಿ."

ಗಂಡನಿಗೂ ಹಾಗೆಯೇ ಹೇಳಿದ್ದರು. ನಾನು ನಡೆದದ್ದನ್ನೆಲ್ಲ ನಡೆದಂತೆಯೇ ಹೇಳಿದೆ. ಅವರು ನನ್ನ ಮುಂದಿನ ನೀರಿನ ಲೋಟ ತೆಗೆದು ಬದಿಗಿಟ್ಟರು. ಆಮೇಲೆ, "ನಿಮ್ಮ ಬಸ್ಸಿನ ಹೊತ್ತಾತು," ಎಂದು ಎದ್ದರು.

ಬಸ್ಸು ಪೆದ್ದೆಮುಲ್ ದಾಟುವವರೆಗೂ ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚೇ ಇತ್ತು. ಅಷ್ಟು ವರ್ಷ, ಸ್ವಂತ ಗಂಡನೆದುರಿಗೂ, ನನ್ನ ಸುಳ್ಳನ್ನು ತಮ್ಮದೆಂದು ಹೊತ್ತಿದ್ದರಲ್ಲ… ನನ್ನಿಂದ ಒಂದು ದಿನವೂ ಆಗುತ್ತಿರಲಿಲ್ಲ. ನಾನು ಯಾರಿಗೆ ತಪ್ಪಾಯಿತು ಎಂದು ಹೇಳಬೇಕಿತ್ತೋ ಆ ಇಬ್ಬರೂ ಈಗ ಇಲ್ಲ.