ಮಡಿಯಲ್ಲಿ ಹೊರಟ ನಿಕ್ಕಲ್

ನೀವು ಮಾಡುವ ಸಂಶೋಧನೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕೇಳಿದ್ದಕ್ಕಲ್ಲ, ನಾನು ಬಾಯಿ ತೆರೆಯುವಷ್ಟರಲ್ಲಿ "ಓ, ಫಿಸಿಕ್ಸಾ!" ಎಂದು ಕಾಫಿ ಲೋಟದ ಕಡೆ ತಿರುಗಿಬಿಡುತ್ತಾರಲ್ಲ, ಅದಕ್ಕೆ. ಹೇಳುವುದೇನೂ ಕಷ್ಟವಲ್ಲ. ನಿಕ್ಕಲ್ಲಿನ ತೆಳ್ಳನೆಯ ಪದರ ಒಂದು ಪುಟ್ಟ ಅಯಸ್ಕಾಂತ. ಅದರ ಮೇಲೆ ಲೇಸರ್ ಬೆಳಕಿನ ಅತಿ ಚಿಕ್ಕ ಮಿಡಿತವೊಂದು ಬಿದ್ದರೆ ಅದರ ಕಾಂತಶಕ್ತಿ ಕುಸಿಯುತ್ತದೆ. ಎಷ್ಟು ಬೇಗ ಅಂದರೆ, ನಾವು ರೆಪ್ಪೆ ಬಡಿಯುವುದು ಅದರ ಮುಂದೆ ಒಂದು ಯುಗ. ಆ ಕುಸಿತವನ್ನು ಹಿಡಿದು ಅಳೆಯಬೇಕು. ನನ್ನ ಕೆಲಸ ಇಷ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದ ಒಂದು ಕಾಲೇಜಿಗೆ ಪಾಠ ಹೇಳಲು ಸೇರಿದೆ. ಬೆಂಗಳೂರಿನ ದೊಡ್ಡ ಪ್ರಯೋಗಾಲಯವೊಂದು ಗುಜರಿಗೆ ಹಾಕಲಿದ್ದ ಉಕ್ಕಿನ ನಿರ್ವಾತ ಕೋಶವೊಂದನ್ನು ಕಾಡಿ ಬೇಡಿ ತಂದು, ಸಸ್ಯಶಾಸ್ತ್ರದವರು ಒಣಗಿದ ಎಲೆ ಪೇರಿಸಿಡುತ್ತಿದ್ದ ಕೋಣೆಯಲ್ಲಿ ಕೂರಿಸಿದೆ. ನಿಕ್ಕಲ್ ಪದರ ಕೆಲವೇ ಪರಮಾಣುಗಳಷ್ಟು ದಪ್ಪ. ಗಾಳಿ ಸೋಕಿದರೆ ಅದರ ಮೇಲ್ಮೈ ಕೆಟ್ಟಿತು, ಆಮೇಲೆ ಅಳೆದದ್ದೆಲ್ಲ ಸುಳ್ಳು. ಅದಕ್ಕೇ ಕೋಶದೊಳಗಿನ ಗಾಳಿಯನ್ನೆಲ್ಲ ತೆಗೆಯಬೇಕು. ಗೋಡೆಗೆ ಅಂಟಿಕೊಂಡ ನೀರಿನ ಪಸೆ ಹೋಗಲೆಂದು ಇಡೀ ಕೋಶಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ದಿನಗಟ್ಟಲೆ ಬಿಸಿ ಮಾಡಬೇಕು. ಒಮ್ಮೆ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, "ಏನಮ್ಮ, ಕಡುಬು ಬೇಯ್ತಾ ಇದೆಯಾ?" ಎಂದಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. "ಬೆಂದ ಮೇಲೆ ಕರೀತೀನಿ ಸಾರ್" ಎಂದೆ. ಅವರಿಗೆ ಅದು ಬಹಳ ಇಷ್ಟವಾಯಿತು. ಸಿಕ್ಕಾಗಲೆಲ್ಲ "ಕಡುಬು ಎಲ್ಲಿಗೆ ಬಂತು?" ಎಂದೇ ಕೇಳುತ್ತಿದ್ದರು.

ಅಂಥ ಒಳ್ಳೆಯ ಮನುಷ್ಯನೇ ನಾಲ್ಕಾರು ವರ್ಷ ಕಳೆದ ಮೇಲೆ ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡರು. ಆಗ ಊರೆಲ್ಲ ಕಂಪ್ಯೂಟರ್ ಹುಚ್ಚು. ಕಾಲೇಜಿಗೂ ಕಂಪ್ಯೂಟರುಗಳು ಬರಲಿದ್ದವು, ಇಡಲು ಜಾಗವಿರಲಿಲ್ಲ. "ಆಡಳಿತ ಮಂಡಳಿಯವರು ನಿಮ್ಮ ರೂಮು ಕೇಳ್ತಿದಾರಮ್ಮ. ಈ ಬೇಸಿಗೆ ಒಳಗೆ ಏನಾದ್ರೂ ಒಂದು ರಿಸಲ್ಟ್ ತೋರಿಸಿ, ನಾನು ವಾದ ಮಾಡ್ತೀನಿ. ಬರಿಗೈಲಿ ಏನಂತ ಹೇಳ್ಲಿ?" ಎಂದರು. ಕೋಣೆ ಹೋದರೆ ಕೋಶ ಹೊರಗೆ, ಕೋಶ ಹೊರಗೆ ಬಂದರೆ ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಪದರವನ್ನೇನೋ ಹಾಸನದಲ್ಲೇ ಬೆಳೆಸಬಲ್ಲೆ, ಆದರೆ ಲೇಸರ್ ಇದ್ದದ್ದು ಬೆಂಗಳೂರಿನಲ್ಲಿ. ನಾನು ಬಹಳ ಗೋಗರೆದ ಮೇಲೆ ಅಲ್ಲಿಯವರು ಒಂದೇ ಒಂದು ವಾರ ಬಿಟ್ಟುಕೊಟ್ಟರು. ಪದರವನ್ನು ಗಾಳಿ ಸೋಕದಂತೆ ಒಯ್ಯಲು ಒಂದು ಉಕ್ಕಿನ ಪೆಟ್ಟಿಗೆ ಮಾಡಿಸಿದ್ದೆ; ಅದಕ್ಕೊಂದು ಪುಟ್ಟ ಪಂಪು, ಪಂಪಿಗೊಂದು ಬ್ಯಾಟರಿ. ಪಂಪು ನಿಲ್ಲುವಂತಿಲ್ಲ. ಬೆಳಗಿನ ಜಾವ ಕಾಲೇಜಿನ ಜೀಪು ಮನೆಯ ಹತ್ತಿರ ಬರುವುದೆಂದು ಮಾತಾಗಿತ್ತು. ಅದಕ್ಕೇ ಹಿಂದಿನ ಸಂಜೆಯೇ ಪೆಟ್ಟಿಗೆಯನ್ನು ಮನೆಗೆ ತಂದು, ನಡುಮನೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿಟ್ಟೆ. ತಂದು ಇಳಿಸಿದ ಮೇಲೆ ಡ್ರೈವರ್ ತಲೆ ಕೆರೆದುಕೊಂಡು, "ನಾಳೆ ಜೀಪು ಎಲೆಕ್ಷನ್ ಡ್ಯೂಟಿಗೆ ಓಯ್ತದೆ ಮೇಡಂ" ಎಂದ. ಆಯಿತು, ಬಸ್ಸೇ ಗತಿ.

ಹೊಳೆನರಸೀಪುರದಿಂದ ಅಮ್ಮ ಬಂದಿದ್ದಳು. ಅಲ್ಲಿ ನಮ್ಮದು ದೇವಸ್ಥಾನದ ಬೀದಿಯ ಮನೆ. ಅಮ್ಮನ ಮಡಿಯ ಮುಂದೆ ಯಾವ ಪ್ರಯೋಗಾಲಯವೂ ಇಲ್ಲ. ಪೆಟ್ಟಿಗೆ ಏನೆಂದು ಅವಳು ಕೇಳಿದಳು. ಅವಳ ಭಾಷೆಯಲ್ಲೇ ಹೇಳೋಣವೆಂಬ ಜಾಣತನ ನನಗೆ. "ಇದು ಕಟ್ಟುಮಡಿ ಅಮ್ಮ. ಯಾರೂ ಮುಟ್ಟಬಾರದು, ಮೈಲಿಗೆಯಾದ್ರೆ ನನ್ನ ರೂಮೇ ಹೋಗುತ್ತೆ" ಎಂದೆ. ಅಮ್ಮ ಗಂಭೀರವಾಗಿ ತಲೆಯಾಡಿಸಿದಳು.

ಬೆಳಿಗ್ಗೆ ಎದ್ದು ನೋಡುತ್ತೇನೆ, ನಡುಮನೆಯಲ್ಲಿ ಪೆಟ್ಟಿಗೆ ಇಲ್ಲ! ದೇವರ ಕೋಣೆಯಲ್ಲಿತ್ತು. ಸಾಲಿಗ್ರಾಮದ ಪಕ್ಕದಲ್ಲಿ ಕೆಂಪಂಚಿನ ರೇಷ್ಮೆ ಪಂಚೆ ಸುತ್ತಿಸಿಕೊಂಡು, ಕುಂಕುಮ ಇಡಿಸಿಕೊಂಡು, ತಲೆಯ ಮೇಲೊಂದು ದಾಸವಾಳ ಮುಡಿದು ಕೂತಿತ್ತು. "ನಡುಮನೇಲಿ ಹೋಗೋರು ಬರೋರು ಮುಟ್ಟಲ್ವೇನೇ? ರಾತ್ರಿ ನೀನು ಮಲಗಿದ ಮೇಲೆ ಸ್ನಾನ ಮಾಡಿ ಒದ್ದೆಬಟ್ಟೇಲೇ ತಂದಿಟ್ಟೆ" ಎಂದು ಅಮ್ಮ ಹೆಮ್ಮೆಯಿಂದ ಹೇಳಿದಳು. ದೇವರ ಕೋಣೆಯಲ್ಲಿ ಪ್ಲಗ್ಗಿರಲಿಲ್ಲ. ಪಂಪು ರಾತ್ರಿಯಿಡೀ ಬ್ಯಾಟರಿಯನ್ನೇ ಕುಡಿದಿತ್ತು. ಮುಳ್ಳು ಅರ್ಧಕ್ಕಿಂತ ಕೆಳಗೆ. ಕಿರುಚಾಡಿದೆ. ಪಾಪ, ಅಮ್ಮನಿಗೆ ಯಾಕೆಂದೇ ತಿಳಿಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ದಾಸವಾಳ ಕಿತ್ತೆಸೆದು, ಪಂಚೆ ಬಿಚ್ಚಲೂ ಪುರುಸೊತ್ತಿಲ್ಲದೆ ಪೆಟ್ಟಿಗೆ ಎತ್ತಿಕೊಂಡು ಓಡಿದೆ.

ಬಸ್ಸು ಹತ್ತಿದ್ದೇ ತಡ, ಕಂಡಕ್ಟರ್ ಪೆಟ್ಟಿಗೆ ನೋಡಿ ತನ್ನ ಚಪ್ಪಲಿ ಕಳಚಿ ಹಿಂದಕ್ಕೆ ಸರಿಸಿದ. "ದೇವ್ರನ್ನ ಕೆಳಗಿಡಬೇಡಿ ಮೇಡಂ" ಎಂದು ಮುಂದಿನ ಸೀಟು ಖಾಲಿ ಮಾಡಿಸಿದ. ಅಲ್ಲಪ್ಪಾ ಎಂದರೆ ಕೇಳುವವರಾರು? ಒಬ್ಬರು ದೂರದಿಂದಲೇ ಕೈಮುಗಿದರು. ಪಕ್ಕದಲ್ಲಿ ದಂಡಿಗನಹಳ್ಳಿ ಕಡೆಯ ಒಬ್ಬ ಅಜ್ಜಿ, ಮಡಿಲಲ್ಲಿ ಎಲೆಯಡಿಕೆ ಚೀಲ.

"ಯಾವ್ ದ್ಯಾವ್ರವ್ವಾ ಇದು?"

"ದೇವರಲ್ಲ ಅಜ್ಜಿ, ನಿಕ್ಕಲ್."

"ಯೋಳ್ಬಾರ್ದು ಅಂದ್ರೆ ಬ್ಯಾಡ ಬುಡು" ಎಂದು ಅಜ್ಜಿ ಕೈಮುಗಿದು, ಪೆಟ್ಟಿಗೆಗೆ ತನ್ನ ಸೆರಗು ಸೋಕದಂತೆ ಮುದುರಿಕೊಂಡರು.

ಚನ್ನರಾಯಪಟ್ಟಣ ಇನ್ನೂ ಸ್ವಲ್ಪ ದೂರವಿತ್ತು, ಪಂಚೆಯೊಳಗಿನಿಂದ ಕೀಂ ಕೀಂ ಎಂದು ಶುರುವಾಯಿತು. ಬ್ಯಾಟರಿ ಮುಗಿಯುತ್ತ ಬಂದಿರುವ ಸೂಚನೆ. ಹಿಂದಿನಿಂದ ಯಾರೋ "ಏನೋ ಅಪ್ಪಣೆ ಆಯ್ತಾ ಅದೆ!" ಎಂದರು. ನನಗೆ ನಗು ಬರಬೇಕಿತ್ತು; ಅಳು ಬಂತು. ವರ್ಷಗಟ್ಟಲೆ ಕಾದದ್ದು ಈ ರಸ್ತೆಯ ಮೇಲೆ ಹಾಳಾಗುತ್ತಿದೆಯಲ್ಲ ಎಂದು ಮಗುವಿನಂತೆ ಅತ್ತೆ. ಅಜ್ಜಿಗೆ ಎಲ್ಲ ಹೇಳಿದೆ: ಇದು ದೇವರಲ್ಲ, ಒಂದು ಪರೀಕ್ಷೆಯ ಸಾಮಾನು, ಬ್ಯಾಟರಿ ಸತ್ತರೆ ಇದು ಸಾಯುತ್ತದೆ, ಇದು ಸತ್ತರೆ ನನ್ನ ಕೋಣೆ ಕಿತ್ತುಕೊಳ್ಳುತ್ತಾರೆ.

ಅಜ್ಜಿ ಒಂದು ಕ್ಷಣ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದರು. "ದ್ಯಾವ್ರಲ್ದಿದ್ರೆ ಏನಾಯ್ತು? ನೀನು ಅಳ್ತಾ ಇದ್ದೀಯಲ್ಲವ್ವಾ. ಅಳ್ಬ್ಯಾಡ ಕಣವ್ವ, ಸ್ಟ್ಯಾಂಡಲ್ಲಿ ನನ್ ಮಗ ಅವ್ನೆ, ಟ್ಯಾಕ್ಟ್ರು ತಂದವ್ನೆ" ಎಂದರು.

ಮಗ ತೆಂಗಿನಕಾಯಿ ಹೇರಿಕೊಂಡು ಪೇಟೆಗೆ ಬಂದಿದ್ದ. ಅಜ್ಜಿ ಬಸ್ಸಿನಿಂದ ಇಳಿಯುತ್ತಲೇ ಕೂಗಿದರು: "ಲೇ, ಬ್ಯಾಟ್ರಿ ಬಿಚ್ಚಿ ಈ ಅವ್ವಂಗೆ ಕೊಡ್ಲಾ!"

"ಅಲ್ಲ ಕಣವ್ವೋ, ಬ್ಯಾಟ್ರಿ ಕೊಟ್ಬುಟ್ರೆ ನಾವು ಊರಿಗೆ ಎಂಗೆ ಓಗದು?"

"ಕಾಲಿಲ್ವೇನ್ಲಾ? ನಡ್ಕಂಡ್ ಓಗದು!"

ಅವನು ನನ್ನ ಅತ್ತ ಮುಖ ನೋಡಿದ, ಕೀಂಗುಡುತ್ತಿದ್ದ ರೇಷ್ಮೆ ಗಂಟು ನೋಡಿದ, ನಕ್ಕ. ಟ್ರ್ಯಾಕ್ಟರನ್ನು ಚಾಲೂ ಮಾಡಿ, ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಬಿಚ್ಚಿದ. "ಮನೆಗಂಟ ಆಫ್ ಮಾಡಕಿಲ್ಲ, ಅಷ್ಟೆಯ" ಎಂದು ತಾನೇ ಹೊತ್ತು ತಂದು ನನ್ನ ಕಾಲ ಬಳಿ ಇಟ್ಟ. ಮರಳಿ ಬರುವ ಟ್ರಿಪ್ಪಿನಲ್ಲಿ ಅದನ್ನು ಇಲ್ಲೇ ಇಳಿಸುವುದಾಗಿ ಕಂಡಕ್ಟರ್ ಒಪ್ಪಿಕೊಂಡ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದವನು ಸುಮ್ಮನಾಗಿ ಬೀಡಿ ಹಚ್ಚಿದ. ಬಸ್ಸಿನ ಜನವೆಲ್ಲ ಕತ್ತು ಚಾಚಿ ನೋಡುತ್ತಿರಲು ವೈರು ಸಿಕ್ಕಿಸಿದೆ. ಕೀಂ ಸದ್ದು ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಅಜ್ಜಿಯ ಕಾಲು ಮುಟ್ಟಲು ಹೋದರೆ, "ಥೂ, ಬುಡವ್ವಾ" ಎಂದು ಬೈದು ಹೊರಟೇಹೋದರು.

ಬೆಂಗಳೂರಿನಲ್ಲಿ ಮೊದಲ ಎರಡು ದಿನ ಏನೂ ಕಾಣಲಿಲ್ಲ. ಪದರ ದಾರಿಯಲ್ಲೇ ಕೆಟ್ಟಿರಬೇಕೆಂದು ಅಲ್ಲಿಯವರು ಮೆಲ್ಲಗೆ ಹೇಳತೊಡಗಿದ್ದರು. ನನಗೆ ಮೈ ಉರಿಯಿತು. ಕೆಟ್ಟಿಲ್ಲ, ಲೇಸರ್ ಬೆಳಕು ತಿರುಗಿಸುವ ನಿಮ್ಮ ಕನ್ನಡಿ ಸರಿಯಿಲ್ಲ ಎಂದು ಜಗಳ ಕಾದು, ಕನ್ನಡಿಗಳನ್ನೆಲ್ಲ ಮೊದಲಿನಿಂದ ಜೋಡಿಸಿದೆವು. ಆಮೇಲೆ ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಬಂದು, ಬಾವಿಗೆ ಬಿದ್ದ ಹಾಗೆ ಇಳಿದು, ನಿಧಾನಕ್ಕೆ ಮೇಲೇರಿತು. ಮತ್ತೆ ಅಳೆದೆವು. ಮತ್ತೆ ಅದೇ ಗೆರೆ. ನಾನು ಹೊರಗೆ ಓಡಿ ಎಸ್‌ಟಿಡಿ ಬೂತಿನಿಂದ ಪ್ರಿನ್ಸಿಪಾಲರ ಮನೆಗೆ ಫೋನ್ ಮಾಡಿದೆ.

"ಸಿಕ್ತು ಸಾರ್! ನಿಕ್ಕಲ್ಲಿನ ಕಾಂತಶಕ್ತಿ ಬಿದ್ದದ್ದು ಕಣ್ಣಾರೆ ನೋಡಿದೆ."

"ಹೌದಾ! ಎಷ್ಟು ಹೊತ್ತು ಹಿಡೀತಮ್ಮ ಬೀಳಕ್ಕೆ?"

"ಒಂದು ಸೆಕೆಂಡನ್ನ ಲಕ್ಷ ಕೋಟಿ ಚೂರು ಮಾಡಿ ಸಾರ್. ಅದರಲ್ಲಿ ಒಂದು ಚೂರೂ ಪೂರ್ತಿ ಬೇಕಾಗಲಿಲ್ಲ."

ಆ ಕಡೆಯಿಂದ ಕುರ್ಚಿ ಎಳೆದುಕೊಂಡ ಸದ್ದು ಬಂತು.

"ಅಯ್ಯೋ ಶಿವನೇ! ಅಷ್ಟರಲ್ಲಿ ಮುಗಿದುಹೋಗೋದನ್ನ ನೋಡಕ್ಕೆ ಇಷ್ಟು ವರ್ಷ ಕೂತಿದ್ರಾ ತಾಯಿ?"

"ಹೂಂ ಸಾರ್."

"ಹಂಗಾದ್ರೆ ಕೂತಿರಿ. ಆ ರೂಮಿಗೆ ಯಾರು ಕೈ ಹಾಕ್ತಾರೋ ನಾನೂ ನೋಡ್ತೀನಿ. ಕಂಪ್ಯೂಟರ್ ಬಂದ್ರೆ ನನ್ನ ಚೇಂಬರಲ್ಲೇ ಇಟ್ಕೊಳ್ಳಲಿ, ನಾನು ವರಾಂಡದಲ್ಲಿ ಕೂತ್ಕೋತೀನಿ."

ಥ್ಯಾಂಕ್ಸ್ ಹೇಳಲು ಹೋದೆ. "ಕಡುಬು ಬೆಂದಿದೆ, ಬನ್ನಿ ಸಾರ್" ಎಂದುಬಿಟ್ಟೆ.