ಹಿಮ್ಮಡ ಮತ್ತು ಶಹಾಬಾದಿ ಕಲ್ಲು

ಏನೇನು ಆಗಿರಬಹುದಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಜಾಲಿಮುಳ್ಳು ಒಳಗೇ ಮುರಿದು, ದಿನಕ್ಕಿಷ್ಟು ಮೇಲೇರುತ್ತ, ಎದೆಯ ಕಡೆ ಹೊರಟಿರಬಹುದಿತ್ತು. ಸಕ್ಕರೆ ಕಾಯಿಲೆ ಶುರುವಾಗಿರಬಹುದಿತ್ತು. ನಮ್ಮ ಸೋದರಮಾವನಿಗೆ ಹೀಗೇ ಕಾಲಿನಿಂದ ಶುರುವಾಗಿ ಒಂದು ಬೆರಳೇ ಹೋಗಿತ್ತು. ಎಲುಬಿಗೆ ಕ್ಷಯ ಹತ್ತಿರಬಹುದಿತ್ತು. ಎಲುಬೇ ಹೋರಿಯ ಕೋಡಿನ ಹಾಗೆ ಕೆಳಮುಖವಾಗಿ ಬೆಳೆಯುತ್ತಿರಬಹುದಿತ್ತು. ಮೂರು ದಾರಿ ಕೂಡುವಲ್ಲಿ ಯಾರೋ ದೃಷ್ಟಿ ಇಳಿಸಿ ಇಟ್ಟ ಲಿಂಬೆಹಣ್ಣನ್ನು ತುಳಿದಿರಬಹುದಿತ್ತು. ಇನ್ನು ಲಕ್ವಾ ಹೊಡೆಯುವುದು ಹಿಮ್ಮಡದಿಂದಲ್ಲ ಎಂದು ನನಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಇಷ್ಟನ್ನೂ ನಾನು ಮಂಚದಿಂದ ಬಚ್ಚಲ ಮುಟ್ಟುವಷ್ಟರಲ್ಲಿ ವಿಚಾರ ಮಾಡಿ ಮುಗಿಸಿದ್ದೆ. ಬೆಳಿಗ್ಗೆ ಎದ್ದು ಬಲಗಾಲು ನೆಲಕ್ಕಿಟ್ಟಿದ್ದೇ ತಡ, ಹಿಮ್ಮಡದ ಒಳಗೆ ಯಾರೋ ಕಾಯಿಸಿದ ದಬ್ಬಣ ಆಡಿಸಿದ ಹಾಗಾಗಿ "ಯವ್ವಾ" ಎಂದು ಕೂಗಿದ್ದೆ. ಒಲೆಯ ಮುಂದಿದ್ದ ಅವ್ವ "ಇಲ್ಲೇ ಅದೀನಲ್ಲ, ಯಾಕ ಒದರ್ತಿ?" ಅಂದಳು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದೆ. ಅಂಗಳಕ್ಕೆ ಬರುವಷ್ಟರಲ್ಲಿ ನೋವು ತಾನಾಗಿ ಇಳಿಯಿತು. ಬೇರೆಯವರಾದರೆ ಸಮಾಧಾನ ಪಡುತ್ತಿದ್ದರು. ನಾನು, ಆ ಭಾಗ ಸತ್ತೇ ಹೋಯಿತು, ಅದಕ್ಕೇ ನೋವಿಲ್ಲ ಎಂದುಕೊಂಡೆ.

ಇದು ಎಪ್ಪತ್ತರ ದಶಕದ ಮಾತು. ಕುಬಿಹಾಳದಲ್ಲಿ ನಮ್ಮ ಮನೆ. ನಾನು ಮಲೇರಿಯಾ ಖಾತೆಯಲ್ಲಿ ಕೆಲಸಕ್ಕಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರಿಗಾದರೂ ಚಳಿಜ್ವರ ಬಂದಿದೆಯೇ ಎಂದು ಕೇಳುವುದು, ಬಂದಿದ್ದರೆ ಬೆರಳಿಗೆ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆಯುವುದು, ಗುಳಿಗೆ ಕೊಡುವುದು, ಬಾಗಿಲ ಬಾಜೂ ಗೋಡೆಯ ಮೇಲೆ ಬಂದುಹೋದ ತಾರೀಖು ಬರೆಯುವುದು. ಜನ ನನ್ನನ್ನು "ಡಾಕ್ಟರ್ರ" ಎಂದೇ ಕರೆಯುತ್ತಿದ್ದರು. ಊರವರ ಬೆರಳಿಗೆ ಸೂಜಿ ಚುಚ್ಚುವ ನಾನು, ನನಗೆ ಸೂಜಿ ಎಂದರೆ ಕಣ್ಣು ಕತ್ತಲೆ ಬರುತ್ತದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಕುಂಟುವುದನ್ನು ಮಾತ್ರ ಮುಚ್ಚಿಡಲಾಗಲಿಲ್ಲ. ಕುಂದಗೋಳದಲ್ಲಿ ಸಭೆಗೆ ಹೋದಾಗ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಕುರ್ಚಿಯಿಂದಲೇ ನೋಡಿದರು.

"ಏನ್ರಿ, ಕುಂಟಾಕ್ಹತ್ತೀರಿ?"

"ಏನಿಲ್ರಿ ಸರ್, ಮುಳ್ಳು."

"ಹೋದ ಸಭಾಕ್ಕೂ ಮುಳ್ಳ ಅಂದಿದ್ರಿ. ದೀಪಾವಳಿ ಮುಗೀಲಿ, ನಿಮ್ಮ ಜೋಡಿ ಪೂರಾ ಸುತ್ತು ನಾನ ನಡೀತೀನಿ. ಆಗಲಿಲ್ಲಂದ್ರ ನಿಮ್ಮ ಹಳ್ಳಿಗೆ ಬ್ಯಾರೆಯವ್ರನ್ನ ಹಾಕೂಣು. ಅಳ್ನಾವರದಾಗ ಗುಳಿಗಿ ಗೋದಾಮ ಅದ. ಕೂತು ಮಾಡೂ ಕೆಲಸ, ಆರಾಮ ಇರ್ರಿ."

ಆರಾಮ! ಕೂತು ಮಾಡುವ ಕೆಲಸ ನನ್ನಂಥವನಿಗೆ ಎಂಥ ಶಿಕ್ಷೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಕೂತರೆ ನನ್ನ ಚಿಂತೆಗಳೆಲ್ಲ ಸುತ್ತ ಬಂದು ಕೂಡುತ್ತವೆ. ಎರೆ ಹೊಲದ ದಾರಿಯಲ್ಲಿ ಚೀಲ ಹಾಕಿಕೊಂಡು ನಡೆಯುವಾಗ ಮಾತ್ರ ಅವು ಹಿಂದೆ ಬೀಳುತ್ತಿದ್ದವು. ಒಂದು ಊರು ದಾಟಿ ಇನ್ನೊಂದು ಊರು ಬರುವುದರೊಳಗೆ ನಾನು ಒಬ್ಬ ಸಾಧಾರಣ, ನೆಟ್ಟಗಿನ ಮನುಷ್ಯನಾಗಿರುತ್ತಿದ್ದೆ. ಆ ನಡಿಗೆಯೇ ಹೋದರೆ ಉಳಿಯುವುದು ಏನು ಎಂದು ಎಣಿಸಿ ಅಂದು ಊಟ ಸೇರಲಿಲ್ಲ.

ಬಾಜೂ ಮನೆಯ ಕಾಕಾ ಔಷಧ ಹೇಳಿದರು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಜೀವಮಾನ ಕಳೆದವರು ಅವರು, ಕಾಲಿನ ವಿಷಯದಲ್ಲಿ ತಮ್ಮದೇ ಮಾತು ಕಡೆಯದು ಅನ್ನುತ್ತಿದ್ದರು. "ಇಟ್ಟಂಗಿ ಕಾಸ್ರಿ. ಮ್ಯಾಲ ಎಕ್ಕಿ ಎಲಿ ಹಾಸ್ರಿ. ಅದರ ಮ್ಯಾಲ ಹಿಮ್ಮಡ ಒತ್ರಿ. ಅದಕ್ಕೂ ಜಗ್ಗಲಿಲ್ಲಂದ್ರ ನನ್ನ ಜೋಡಿ ಯಮನೂರಿಗೆ ಬರ್ರಿ, ದರ್ಗಾದಾಗ ಬೇಡಿಕೊಳ್ಳೂಣು." ಹೆಂಡತಿ ಇಟ್ಟಿಗೆ ಕಾಸಿದಳು. ಎಕ್ಕೆಯ ಎಲೆ ಚುರುಚುರು ಎಂದಿತು. ಕಾಲಿಗೆ ಹಾಯೆನಿಸಿತು, ನಿಜ. ಆದರೆ ಮರುದಿನ ಬೆಳಿಗ್ಗೆ ಮೊದಲ ಹೆಜ್ಜೆಗೆ ಅದೇ ದಬ್ಬಣ. ಯಮನೂರಿಗೆ ಹೋಗಬೇಕೆಂದರೂ ಮೊದಲು ಬಸ್ಸಿನತನಕ ನಡೆಯಬೇಕಲ್ಲ.

ಕಡೆಗೆ ಕುಂದಗೋಳದ ಡಾಕ್ಟರ ಹತ್ತಿರ ಹೋದೆ. ನನ್ನ ಸಂಶಯಗಳನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದೆ. ಅವರು ಕೇಳುತ್ತಲೇ ನನ್ನ ಅಂಗಾಲಿನಲ್ಲಿ, ಹಿಮ್ಮಡದ ಒಳಮಗ್ಗುಲಿಗೆ, ಹೆಬ್ಬೆರಳಿಂದ ಒಂದು ಜಾಗ ಒತ್ತಿದರು. ಲಕ್ವಾದ ಮಾತು ಅರ್ಧಕ್ಕೇ ನಿಂತಿತು.

"ಇಲ್ಲೇ ಹೌದಲ್ಲ? ಬೆಳಿಗ್ಗೆ ಎದ್ದ ಕೂಡ್ಲೆ ಜಾಸ್ತಿ, ನಡೆದಂಗ ಕಮ್ಮಿ, ಕೂತು ಎದ್ರ ಮತ್ತ ಶುರು?"

"ಹೌದ್ರಿ."

"ಸಾಯೂದಿಲ್ಲ ನೀವು. ಹಿಮ್ಮಡದಿಂದ ಬೆರಳ ಬುಡದತನಕ ಅಂಗಾಲಾಗ ಒಂದು ಗಟ್ಟಿ ಪಟ್ಟಿ ಇರ್ತದ. ಅಂಗಾಲಿನ ಕಮಾನು ಹಿಡದು ನಿಲ್ಸೂದ ಅದು. ಅದು ಹಿಮ್ಮಡಕ್ಕ ಹತ್ತಿರೂ ಜಾಗಾದಾಗ ಜಗ್ಗಿ ಜಗ್ಗಿ ನೊಂದದ. ರಾತ್ರಿ ನೀವು ಮಲಗಿದಾಗ ಅದು ಮುದುಡಿಕೊಂಡಿರ್ತದ, ತೋಯಿಸಿದ ತೊಗಲಿನ ಮಿಣಿ ಒಣಗಿ ಬಿಗೀತದಲ್ಲ, ಹಂಗ. ಬೆಳಿಗ್ಗೆ ಒಮ್ಮೆಲೆ ಮೈಭಾರ ಹಾಕಿದ್ರ ಒದರದ ಏನ್ ಮಾಡ್ತೀರಿ?"

"ಎಲುಬು ಬೆಳೆದಿರಬಹುದಲ್ರಿ?"

"ಬೆಳೆದಿದ್ರೂ ಬೆಳೆದಿರಬಹುದು. ಬೆಳೆದವರು ಎಷ್ಟೋ ಮಂದಿ ನೋವಿಲ್ದ ತಿರಗ್ತಾರ. ನಿಮ್ಮ ನೋವಿಗೆ ಅದು ಕಾರಣಲ್ಲ. ಮನಿಯಾಗ ನೆಲ ಯಾತರದ್ದು?"

ನಾನು ಸ್ವಲ್ಪ ಎದೆಯುಬ್ಬಿಸಿದೆ. ಆ ಬೇಸಿಗೆಯಲ್ಲೇ ಮಣ್ಣಿನ ನೆಲ ತೆಗೆಸಿ ಶಹಾಬಾದಿ ಕಲ್ಲು ಹಾಕಿಸಿದ್ದೆವು, ನಮ್ಮ ಓಣಿಗೇ ಮೊದಲು. ಜೀವಮಾನವಿಡೀ ನೆಲ ಸಾರಿಸಿದ ಅವ್ವ ಆ ಕಲ್ಲನ್ನು ಕೈಯಿಂದ ಸವರಿ ನೋಡುತ್ತಿದ್ದಳು.

"ಬರಿಗಾಲ?" ಡಾಕ್ಟರು ಕೇಳಿದರು.

"ಮತ್ತ, ಮನಿಯೊಳಗ ಚಪ್ಪಲಿ ಯಾರ್ ಹಾಕ್ಕೋತಾರ್ರಿ?"

"ನೀವು ಹಾಕ್ಕೋಬೇಕು. ದಿನಾ ಅಷ್ಟು ನಡೀತೀರಿ, ಮನಿಗೆ ಬಂದು ಬರಿಗಾಲಾಗ ಕಲ್ಲು ತುಳೀತೀರಿ. ಹಾಸಿಗಿ ಬಿಟ್ಟ ಮೊದಲನೇ ಹೆಜ್ಜಿ ಮೆತ್ತನ್ನ ಚಪ್ಪಲಿ ಮ್ಯಾಲ ಬೀಳಬೇಕು. ಏಳೂಕಿಂತ ಮೊದಲ ಟವೆಲ್ಲು ಬೆರಳಿಗೆ ಹಾಕಿ ಕಾಲು ನಿಮ್ಮ ಕಡೆ ಜಗ್ಗ್ರಿ. ಗೋಡಿಗೆ ಕೈ ಕೊಟ್ಟು, ಒಂದ ಕಾಲು ಹಿಂದಿಟ್ಟು, ಹಿಮ್ಮಡ ಎತ್ತದ ಮೀನಖಂಡ ಜಗ್ಗಿಸ್ರಿ. ಕೂತಾಗ ಒಂದು ಬಾಟ್ಲಿ ಅಂಗಾಲಿನ ಬುಡಕ ಉರುಳಿಸ್ರಿ. ಆರಾಮ ಆಗೋಮಟ ಅಡ್ಡಾಟ ಕಮ್ಮಿ ಮಾಡ್ರಿ. ತಿಂಗಳುಗಟ್ಟಲೆ ಹಿಡೀತದ, ಅವಸರ ಮಾಡಬ್ಯಾಡ್ರಿ. ಅದಕ್ಕೂ ಬಗ್ಗಲಿಲ್ಲಂದ್ರ ಹಿಮ್ಮಡಕ್ಕ ಒಂದು ಸೂಜಿ ಅದ."

ಸೂಜಿ ಎಂಬ ಮಾತು ಕೇಳಿದ್ದೇ, ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಮಾಡುವೆನೆಂದು ನಿಶ್ಚಯಿಸಿದೆ.

ಟವೆಲ್ಲಿನದು ಸುಲಭ. ಬಾಟಲಿ ಉರುಳಿಸುವುದನ್ನು ನೋಡಿ ಅವ್ವ "ಅದ್ಯಾತರ ಬಾಟ್ಲಿ?" ಎಂದು ಕೇಳಿ, ಎತ್ತಿ ಮೂಸಿ, ಔಡಲೆಣ್ಣೆಯದೆಂದು ಖಾತ್ರಿಯಾದ ಮೇಲೆ ತಿರುಗಿ ಕೊಟ್ಟಳು. ಗೋಡೆಯ ವ್ಯಾಯಾಮವನ್ನು ಕಾಕಾ ಕಂಡರು. "ಏನ್ ಡಾಕ್ಟರ್ರ, ಗ್ವಾಡಿ ಬೀಳಾಕ್ಹತ್ತೇತೇನು? ನಾನೂ ಒಂದ ಕೈ ಹಚ್ಚಲೇ?" ಅಂದರು. ಅಡ್ಡಾಟ ಕಡಿಮೆ ಮಾಡಲೆಂದು ಹಳ್ಳಿಗಳ ನಡುವೆ ಎತ್ತಿನ ಬಂಡಿ ಸಿಕ್ಕರೆ ಹತ್ತಿಬಿಡುತ್ತಿದ್ದೆ. ಕೆಲಸದ ಮೇಲೆ ಹೋದಲ್ಲೂ ತಾರೀಖು ಬರೆಯುವ ಮೊದಲು ಆ ಮನೆಯ ಗೋಡೆಗೇ ಕೈಕೊಟ್ಟು ಕಾಲು ಜಗ್ಗಿಸುತ್ತಿದ್ದೆ. ಇದೂ ಸರಕಾರದ ಹೊಸ ಹುಕುಂ ಇರಬೇಕೆಂದು ಜನ ಸುಮ್ಮನೆ ನಿಂತು ನೋಡುತ್ತಿದ್ದರು.

ಅಡ್ಡಿ ಬಂದದ್ದು ಚಪ್ಪಲಿಗೆ. ಪ್ಯಾಟೆಯಿಂದ ಹೊಸ ರಬ್ಬರ್ ಚಪ್ಪಲಿ ತಂದು, ಒಂದು ದಿನವೂ ಹೊರಗೆ ಹಾಕಿಲ್ಲ ಎಂದು ತೋರಿಸಿದೆ.

"ದೇವ್ರ ಜಗಲಿ ಮುಂದ ಚಪ್ಪಲಿ ಹಾಕ್ಕೊಂಡು ತಿರಗ್ತಿ?" ಅವ್ವನ ದನಿ ಏರಲಿಲ್ಲ. ಏರಿದ್ದರೆ ವಾದ ಮಾಡಬಹುದಿತ್ತು. "ನಾ ಇರೂತನಕ ಆಗೂದಿಲ್ಲ."

"ಡಾಕ್ಟರು ಹೇಳ್ಯಾರವ್ವಾ. ನಡಿಯಾಕ ಆಗಲಿಲ್ಲಂದ್ರ ಅಳ್ನಾವರಕ್ಕ ಹಾಕ್ತಾರ."

"ಡಾಕ್ಟರ್ ಮನಿಯಾಗ ದೇವ್ರಿಲ್ಲೇನು?"

ಚಪ್ಪಲಿ ಹೊಸ್ತಿಲಾಚೆ ಉಳಿಯಿತು. ನನ್ನ ಮೊದಲ ಹೆಜ್ಜೆ ಕಲ್ಲಿನ ಮೇಲೇ ಬೀಳುತ್ತ ಹೋಯಿತು, ದಿನಾ ಬೆಳಿಗ್ಗೆ ನನ್ನ ಕೂಗು ಅವ್ವನ ಕಿವಿಗೂ ಬೀಳುತ್ತ ಹೋಯಿತು. ಒಂದು ಮಧ್ಯಾಹ್ನ ಮನೆಗೆ ಬಂದರೆ, ಹಾಸಿಗೆಯ ಹಳೆಯ ಕೌದಿಯೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದಳು.

"ಇಲ್ಲೆ ಕಾಲಿಡು," ಅಂದಳು. ಇಟ್ಟೆ. ಇದ್ದಿಲಿನಿಂದ ಸುತ್ತ ಗೀರೆಳೆದಳು. ಹಳೇ ಇಳಕಲ್ ಸೀರೆ, ಅಪ್ಪನ ಧೋತರ, ಯಾವುದೋ ಕುಪ್ಪಸ, ಪದರದ ಮೇಲೆ ಪದರ ಇಟ್ಟು ಒತ್ತೊತ್ತಾಗಿ ಹೊಲಿದಳು. ಹಿಮ್ಮಡದ ಜಾಗಕ್ಕೆ ಇನ್ನಷ್ಟು ತುರುಕಿದಳು. ಮೇಲೆ ಅಗಲವಾದ ಪಟ್ಟಿ.

"ಇದು ಚಪ್ಪಲಿ ಅಲ್ಲ," ಅಂದಳು ದಾರ ಕಡಿಯುತ್ತ. "ಹಾಸಿಗಿ. ಹಾಸಿಗಿ ಮ್ಯಾಲ ನಿಂತ್ರ ದೇವ್ರು ಏನೂ ಅನ್ನೂದಿಲ್ಲ."

"ಹಾಸಿಗಿ ನನ್ನ ಜೋಡಿ ಅಡಿಗಿಮನಿಗೂ ಬರ್ತೈತಲ್ಲ?"

"ಬಾಯಿ ಮುಚಗೊಂಡು ನಡಿ ಲೇ."

ನಡೆದೆ. ನೋವು ಇಂಥದೇ ದಿನ ಹೋಯಿತೆಂದು ಹೇಳಲಾರೆ. ದಬ್ಬಣ ಸೂಜಿಯಾಯಿತು, ಸೂಜಿ ಮುಳ್ಳಾಯಿತು. ಒಂದು ಬೆಳಿಗ್ಗೆ ಚಹಾ ಕುಡಿದ ಮೇಲೆ, ಇವತ್ತು ಒದರಲಿಲ್ಲವಲ್ಲ ಎಂದು ನೆನಪಾಗಿ ಗಾಬರಿಯಾದೆ.

ದೀಪಾವಳಿ ಮುಗಿದು ಸಾಹೇಬರು ಬಂದರು. ಅಂಗಳದಲ್ಲಿ ಸೈಕಲ್ ಗಂಟೆ ಕೇಳಿದ್ದೇ ಗಡಬಡಿಸಿ ಎದ್ದೆ. ಗಾಜಿನ ಪಟ್ಟಿ ಇವೆಯೇ, ಗುಳಿಗೆ ಇವೆಯೇ, ಸೀಸದ ಕಡ್ಡಿ ಇದೆಯೇ ಎಂದು ಚೀಲವನ್ನು ತಡಕುತ್ತಲೇ ಹೊರಬಿದ್ದು, "ಹೋಗೂಣ್ರಿ ಸರ್" ಎಂದು ಮುಂದಾದೆ. ಸೈಕಲ್ ಅಂಗಳದಲ್ಲೇ ಬಿಟ್ಟು ಓಣಿ ದಾಟಿದೆವು, ಊರು ದಾಟಿದೆವು. ಕಡಲೆಯ ಹೊಲಗಳ ನಡುವಿನ ದಾರಿಯಲ್ಲಿ ಹಿಮ್ಮಡ ಈಗ ಕೈಕೊಡುತ್ತದೆ, ಆಗ ಕೈಕೊಡುತ್ತದೆ ಎಂದು ಕಾಯುತ್ತಿದ್ದೆ. ಅದು ತೆಪ್ಪಗಿತ್ತು. ಮೊದಲನೇ ಊರಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಾಗ ಸಾಹೇಬರ ಹ್ಯಾಟು ನೋಡಿ ನಗುತ್ತಿದ್ದಾರೆ ಎಂದುಕೊಂಡೆ. ಸಾಹೇಬರು ಮಾತ್ರ ಮನೆಮನೆಗೂ ನೀರು ಕೇಳುತ್ತಿದ್ದರು.

ಹಳ್ಳ ದಾಟುವಲ್ಲಿ ಅವರು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ಬಿಚ್ಚುತ್ತ ಬಿಚ್ಚುತ್ತ ನನ್ನ ಕಾಲು ನೋಡಿದರು.

"ಇದೇನ್ರಿ ಕಾಲಾಗ?"

ಬಗ್ಗಿ ನೋಡಿದೆ. ಕೌದಿ. ಕೆಂಪು, ಹಸಿರು, ಹಳದಿ, ಈಗ ಅಂಚಿಗೆಲ್ಲ ಎರೆ ಮಣ್ಣು.

"ಹಾಸಿಗಿ... ಅಲ್ರಿ, ಔಷಧ ಸರ್."

ಅವರು ತಮ್ಮ ಅಂಗಾಲು ತಿಕ್ಕಿಕೊಳ್ಳುತ್ತ ಅಂದರು: "ಅಳ್ನಾವರದ ಮಾತು ಬಿಡ್ರಿ. ಈ ಸುತ್ತು ನೀವ ಮಾಡ್ರಿ. ಈಗ ಮಾತ್ರ ನನ್ನ ಸಲುವಾಗಿ ಸಾವಕಾಶ ನಡೀರಿ."

ಹಳ್ಳದ ನೀರಿನಲ್ಲಿ ತೊಯ್ದು, ಆಚೆಯ ಮಣ್ಣಿನಲ್ಲಿ ಹೊರಳಿ, ಸಂಜೆಗೆ ಮನೆ ಮುಟ್ಟಿದಾಗ ಆ ಕೌದಿ ಜೋಡಿಯ ಬಣ್ಣ ಯಾವುದೆಂದು ತಿಳಿಯುವಂತಿರಲಿಲ್ಲ. ನೌಕರಿ ಉಳಿದ ಸುದ್ದಿ ಹೇಳುತ್ತ ಹೊಸ್ತಿಲಿಗೆ ಕಾಲಿಡಹೋದೆ. ಅವ್ವ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು.

"ಛಲೋ ಆತು. ಅವನ್ನ ಅಲ್ಲೇ ಬಿಡು."

"ಹಾಸಿಗಿ ಅಂದಿದ್ದಿ ಅಲ್ಲವ್ವಾ?"

"ಊರು ತಿರಗಿ ಬಂದ ಮ್ಯಾಲ ಅದು ಚಪ್ಪಲಿ."

ಮುಳ್ಳು ಎದೆಗೇರಲಿಲ್ಲ, ಬೆರಳು ಹೋಗಲಿಲ್ಲ, ಲಕ್ವಾ ಹೊಡೆಯಲಿಲ್ಲ, ಅಳ್ನಾವರಕ್ಕೂ ಹಾಕಲಿಲ್ಲ. ಕೆಟ್ಟದ್ದು ಇಷ್ಟೇ: ಅವ್ವ ಕೂತು ಹೊಲಿದ ಒಂದು ಜೋಡಿ ಹಾಸಿಗೆ ಹೊರಗಿನದಾಯಿತು.